ಕಿರ್ರೆನ್ನುವ ಕಾರ್ ಬಾಗಿಲಿಗೆ ಯಾವ ಎಣ್ಣೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಕಾರುಗಳಿಗೆ ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು, ಜೂನ್ ಬಂತೆಂದರೆ ಮಳೆ, ಕೊಯ್ಲಿನ ಹೊತ್ತಿಗೆ ಭತ್ತದ ಹೊಟ್ಟು. ಇಷ್ಟೂ ಸಂದಿಗೆ ಸೇರಿದ ಮೇಲೆ ಬಾಗಿಲು ಸುಮ್ಮನಿದ್ದೀತೆ? ಕೈಗೆ ಸಿಕ್ಕ ಎಣ್ಣೆ ಸುರಿದರೆ ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದು ಮತ್ತೆ ಶುರು. ಜಾಗ ನೋಡಿ ಎಣ್ಣೆ ಹಾಕಿ.

1. ಮೊದಲು ಕಿವಿಗೊಡಿ. ತೆಗೆಯುವಾಗ ಉದ್ದಕ್ಕೂ ಕಿರ್ ಎಂದರೆ ಹಿಂಜ್. ಅರ್ಧಕ್ಕೆ ಬಂದು ಟಕ್ಕೆಂದು ನರಳಿದರೆ ಎರಡು ಹಿಂಜ್‌ಗಳ ನಡುವಿನ ಸ್ಟಾಪರ್ ಪಟ್ಟಿ. ಬಾಗಿಲು ಹಾಕಿದ್ದರೂ ಹಂಪ್ ದಾಟುವಾಗ ಕೀಚ್ ಎಂದರೆ ಸುತ್ತಲಿನ ರಬ್ಬರ್ ಬೀಡಿಂಗ್.

2. ಒರೆಸದೆ ಎಣ್ಣೆ ಬೇಡ. ಧೂಳು ಎಣ್ಣೆ ಎರಡೂ ಕಲೆತರೆ ಉಪ್ಪುಕಾಗದದ ಹಾಗೆ ಪಿನ್ ಸವೆಸುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಲ್ಲಿ ಕಪ್ಪು ಮಡ್ಡಿಯನ್ನೆಲ್ಲ ತೆಗೆಯಿರಿ. ಹೊಗೆಸೊಪ್ಪು ಮುರಿದ ಕೈಯಲ್ಲೇ ಬಾಗಿಲು ಹಿಡಿಯುವವರ ಕಾರಿನಲ್ಲಿ ಅಂಚಿಗೂ ಅಂಟು ಮೆತ್ತಿರುತ್ತದೆ. ಅದನ್ನು ಸೋಪು ನೀರಲ್ಲಿ ತೊಳೆಯಿರಿ.

3. ಕೊಬ್ಬರಿ ಎಣ್ಣೆ ತಲೆಗಿರಲಿ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಕೂತಿರುವುದನ್ನು ನೋಡಿಲ್ಲವೆ? ಅಡುಗೆ ಎಣ್ಣೆ ಇನ್ನೂ ಕಡೆ, ಬರಬರುತ್ತ ಗೋಂದಾಗುತ್ತದೆ. ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದ ಹಿರಿಯರ ಲೆಕ್ಕ ಬೇರೆ: ಅವರು ಗಾಲಿ ಕಳಚಿ, ಹಳೇ ಮಡ್ಡಿ ಒರೆಸಿ ಹೊಸದು ಹಚ್ಚುತ್ತಿದ್ದರು. ಕಾರಿನ ಹಿಂಜನ್ನು ತಿಂಗಳಿಗೊಮ್ಮೆ ಬಿಚ್ಚುವವರು ಯಾರು?

4. ಡಬ್ಲ್ಯೂಡಿ-40 ಬಿಡಿಸುವುದಕ್ಕೆ, ಉಳಿಸುವುದಕ್ಕಲ್ಲ. ಅಮೆರಿಕದಲ್ಲಿ 1953ರಲ್ಲಿ ಇದನ್ನು ಮಾಡಿದ್ದೇ ಲೋಹದ ಮೇಲಿನ ನೀರು ಓಡಿಸಿ ತುಕ್ಕು ತಡೆಯಲೆಂದು. ಅಟ್ಲಾಸ್ ಕ್ಷಿಪಣಿಗೂ ಬಳಿದಿದ್ದರು. ಬಿಗಿದ ಹಿಂಜ್ ಸಡಿಲಿಸಲು ಅದಕ್ಕೆ ಸಮನಿಲ್ಲ. ಆದರೆ ತೆಳು ಪದರ, ಬೇಗ ಹೋಗುತ್ತದೆ. ಸಿಂಪಡಿಸಿ, ಒರೆಸಿ, ಮುಂದಿನ ಸೂತ್ರಕ್ಕೆ ಬನ್ನಿ. ಬೀಡಿ ಹಚ್ಚಿಕೊಂಡಾಗಲೋ ಉರಿಯುವ ಹೊಗೆಸೊಪ್ಪಿನ ಬ್ಯಾರನ್ ಪಕ್ಕದಲ್ಲೋ ಮಾತ್ರ ಬೇಡ, ಥಟ್ಟನೆ ಬೆಂಕಿ ಹಿಡಿಯುತ್ತದೆ.

5. ಹಿಂಜ್‌ಗೂ ಸ್ಟಾಪರ್‌ಗೂ ವೈಟ್ ಲಿಥಿಯಂ ಗ್ರೀಸ್. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹೆಸರು ಹಿಡಿದೇ ಕೇಳಿ, ಮಳೆ ನೀರಿಗೆ ಬೇಗ ಜಗ್ಗುವುದಿಲ್ಲ. ಪಿನ್ನಿನ ಮೇಲೂ ಕೆಳಗೂ ಕಡಲೆಕಾಳಿನಷ್ಟು ಇಟ್ಟು, ಬಾಗಿಲನ್ನು ಹತ್ತು ಹದಿನೈದು ಸಲ ಪೂರಾ ಆಡಿಸಿ. ಆಗ ಒಳಗಿನ ಕಪ್ಪು ಹೊರಗೆ ಜಿನುಗುತ್ತದೆ. ಒರೆಸಿ ಮತ್ತೊಮ್ಮೆ ಹಚ್ಚಿ. ಹೆಚ್ಚಾದದ್ದನ್ನು ಬಿಟ್ಟಿರೋ, ಹರಾಜು ಮಾರುಕಟ್ಟೆಗೆ ಹೊರಟವರ ಬಿಳಿ ಪಂಚೆಗೆ ಬಣ್ಣ ಗ್ಯಾರಂಟಿ.

6. ರಬ್ಬರ್‌ಗೆ ಸಿಲಿಕೋನ್ ಸ್ಪ್ರೇ ಮಾತ್ರ. ಗ್ರೀಸ್, ಎಂಜಿನ್ ಆಯಿಲ್ ಮುಟ್ಟಿಸಿದರೆ ಬೀಡಿಂಗ್ ಉಬ್ಬಿ ಮೆತ್ತಗಾಗಿ, ಮಳೆಗಾಲಕ್ಕೆ ನೀರು ಒಳಗೆ. ಸ್ಪ್ರೇ ಸಿಗದಿದ್ದರೆ ಒಣ ಬೀಡಿಂಗಿಗೆ ಸ್ವಲ್ಪ ಟಾಲ್ಕಂ ಪೌಡರ್ ಸವರಿ. ಗಾಜು ಏರಿಳಿಯುವ ಹಾದಿಗೂ ಸಿಲಿಕೋನೇ.

7. ಕೀಲಿ ತೂತಿಗೆ ಎಣ್ಣೆ ಬಿಡಬೇಡಿ. ಗ್ರಾಫೈಟ್ ಪುಡಿ ಸಾಕು.

8. ಓಮ್ನಿ, ಈಕೋಗಳ ಜಾರುಬಾಗಿಲಿಗೆ ಮೊದಲು ಪೊರಕೆ. ಹಳಿಯಲ್ಲಿ ಕೂತ ಮರಳನ್ನು ಗುಡಿಸಿದರೆ ಅರ್ಧ ಸದ್ದು ಅಲ್ಲೇ ಹೋಗುತ್ತದೆ.

9. ಬಾಗಿಲ ತಳದ ತೂತುಗಳನ್ನು ತೆಂಗಿನ ಕಡ್ಡಿಯಿಂದ ಬಿಡಿಸಿ. ಮಣ್ಣು ಕಟ್ಟಿದರೆ ಮಳೆನೀರು ಒಳಗೇ ನಿಂತು ತುಕ್ಕು ತಿನ್ನುತ್ತದೆ. ಕೆ.ಆರ್. ನಗರದ ಕಡೆ ನಾಲೆ ದಂಡೆಯಲ್ಲಿ ಕಾರು ತೊಳೆಯುವವರು ಇದನ್ನು ಮರೆಯಬಾರದು.

10. ಆಯುಧಪೂಜೆಗೆ ಹೇಗಿದ್ದರೂ ವಾಟರ್ ಸರ್ವಿಸ್ ಮಾಡಿಸುತ್ತೀರಿ. ಪ್ರೆಷರ್ ನೀರು ಇದ್ದಬದ್ದ ಗ್ರೀಸನ್ನೂ ತೊಳೆದುಬಿಡುತ್ತದೆ. ನೀರು ಪೂರಾ ಆರಿದ ಮೇಲೆ ಹಿಂಜ್‌ಗೆ ಹೊಸದು ಹಚ್ಚಿ, ಆಮೇಲೆ ಕುಂಬಳಕಾಯಿ ಒಡೆಯಿರಿ.

11. ಇಷ್ಟಾದರೂ ಸದ್ದು ನಿಲ್ಲದಿದ್ದರೆ ಬಾಗಿಲು ತೆಗೆದು, ತುದಿ ಹಿಡಿದು ಮೇಲಕ್ಕೆತ್ತಿ ನೋಡಿ. ಲಟಕ್ಕೆಂದು ಆಡಿದರೆ ಪಿನ್, ಬುಷ್ ಸವೆದಿವೆ. ಯಾವ ಡಬ್ಬಿಯೂ ಮದ್ದಲ್ಲ. ಗ್ಯಾರೇಜಿಗೆ ಒಯ್ದು ಬದಲಿಸಿ. ತಡ ಮಾಡಿದರೆ ಜೋತ ಬಾಗಿಲು ಲಾಕಿನ ಕೊಂಡಿಗೆ ಬಡಿದು ಬಡಿದು ಅದನ್ನೂ ಕೆಡಿಸುತ್ತದೆ.