54 ತಿಂಗಳ ಲೆಕ್ಕ

2022ರ ಆರಂಭ. ಬಯೋಟೆಕ್ನಾಲಜಿಯಲ್ಲಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಲ್ಯಾಬೊಂದರಲ್ಲಿ ತಿಂಗಳಿಗೆ 35,000 ರೂಪಾಯಿಗೆ ದುಡಿಯುತ್ತಿದ್ದೆ. ನೀಟ್ ಪಾಸಾಗಿತ್ತು, ಸರ್ಕಾರಿ ಸೀಟು ಸಿಗುವಷ್ಟು ಅಂಕ ಇರಲಿಲ್ಲ. “ನಿಮ್ಮ ಹತ್ತಿರ ಡಿಗ್ರಿ ಇದೆಯಲ್ಲ ಮೇಡಂ, ಕೆರಿಬಿಯನ್‌ನಲ್ಲಿ ನಾಲ್ಕೇ ವರ್ಷಕ್ಕೆ ಡಾಕ್ಟರ್” ಎಂದರು ಏಜೆಂಟರು. ಎರಡು ವರ್ಷದ ಫೀಸು ಉಳಿಯಿತೆಂದುಕೊಂಡು ಒಂದೂವರೆ ಲಕ್ಷ ಕಟ್ಟಿಬಿಟ್ಟೆ.

ಗೆಜೆಟ್ ಓದಿದ್ದು ಆಮೇಲೆ. ವಿದೇಶದಲ್ಲಿ ಓದಿದವರಿಗೆ ಇಲ್ಲಿ ನೋಂದಣಿ ಬೇಕೆಂದರೆ ಕೋರ್ಸು ಕನಿಷ್ಠ 54 ತಿಂಗಳಿರಬೇಕು, ಅದರ ಮೇಲೆ ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಎಲ್ಲವೂ ಒಂದೇ ಸಂಸ್ಥೆಯಲ್ಲಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಈ ನಿಯಮ 2021ರ ನವೆಂಬರ್‌ನಲ್ಲೇ ಬಂದಿತ್ತು. ನಾಲ್ಕು ವರ್ಷವೆಂದರೆ 48 ತಿಂಗಳು. ಬಿ.ಎಸ್ಸಿ.ಗೆ ಕೊಟ್ಟ ಮೂರು ವರ್ಷ ಲೆಕ್ಕಕ್ಕೇ ಇಲ್ಲ. ಹಣ ವಾಪಸ್ ಬರಲಿಲ್ಲ. ಡಿಗ್ರಿ ಇದ್ದವರನ್ನೇ ಹುಡುಕಿ ಈ ಆಸೆ ತೋರಿಸುತ್ತಾರಲ್ಲ, ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಕೊನೆಗೆ ಸೇರಿದ್ದು ಜಾರ್ಜಿಯಾದ ಟಿಬಿಲಿಸಿಯಲ್ಲಿ, ಆರು ವರ್ಷದ ಕೋರ್ಸಿಗೆ. ವರ್ಷಕ್ಕೆ 4 ಲಕ್ಷದಂತೆ 24 ಲಕ್ಷ ಸಾಲ, ಶೇ 10 ಬಡ್ಡಿ, ಅಡಮಾನಕ್ಕೆ ಹಾಸನದ ಮನೆ. ಬಿಟ್ಟುಬಂದ ಸಂಬಳವನ್ನೂ ಅಪ್ಪ ಅದೇ ಹಾಳೆಯಲ್ಲಿ ಬರೆದರು: ಆರು ವರ್ಷಕ್ಕೆ 25 ಲಕ್ಷ.

ನಾವಿಬ್ಬರೂ ಹೆಚ್ಚು ಹೊತ್ತು ಕೂತದ್ದು ಕಂತಿನ ಮುಂದೆ. ಕೋರ್ಸು ಮುಗಿದ ಒಂದು ವರ್ಷಕ್ಕೆ ಇಎಂಐ ಶುರು. ಆದರೆ ಊರಿಗೆ ಬಂದವರು ಮೊದಲು ಎಫ್‌ಎಂಜಿಇ ಬರೆಯಬೇಕು. ವಿದೇಶದಲ್ಲಿ ವೈದ್ಯಕೀಯ ಓದಿದವರಿಗೆ ವರ್ಷಕ್ಕೆ ಎರಡೇ ಸಲ ನಡೆಯುವ ಅರ್ಹತಾ ಪರೀಕ್ಷೆ, 300ಕ್ಕೆ 150 ಬಂದರೆ ಪಾಸು. ಆಮೇಲೆ ಇಲ್ಲೂ 12 ತಿಂಗಳ ಇಂಟರ್ನ್‌ಶಿಪ್. ಮೊದಲ ಪ್ರಯತ್ನದಲ್ಲೇ ಪಾಸಾದರೂ ನಿಜವಾದ ಸಂಬಳ ಕೈಗೆ ಬರುವ ಮುಂಚೆ ಬ್ಯಾಂಕು ಬಾಗಿಲಿಗೆ ಬಂದಿರುತ್ತದೆ. ಅಷ್ಟರಲ್ಲಿ ಸರಳ ಬಡ್ಡಿಯೇ 10.8 ಲಕ್ಷ. ಅದೂ ಅಸಲಿಗೆ ಸೇರಿದರೆ ಹತ್ತು ವರ್ಷ, ತಿಂಗಳಿಗೆ ಸುಮಾರು 46,000. ಇಂಟರ್ನ್ ಸ್ಟೈಪೆಂಡಿನಲ್ಲಿ ಅದು ಆಗದ ಮಾತು.

ಹಾಗಾಗಿ ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋಗೋಣ ಎಂದರು ಅಪ್ಪ. ಮೊದಲ ವರ್ಷ ತಿಂಗಳಿಗೆ 3,333 ರೂಪಾಯಿ, ನನ್ನ ಉಳಿತಾಯದಿಂದ. ಆಮೇಲೆ ಅವರ ಪಿಂಚಣಿಯಿಂದ. ಹಳೆ ತೆರಿಗೆ ಪದ್ಧತಿಯಲ್ಲಿ ಶಿಕ್ಷಣ ಸಾಲದ ಅಷ್ಟೂ ಬಡ್ಡಿಗೆ ವಿನಾಯಿತಿ ಸಿಗುತ್ತದೆ. ಆದರೆ ಆ ವಿನಾಯಿತಿ ಎಂಟೇ ವರ್ಷ, ಅದರ ಗಡಿಯಾರ ಮೊದಲ ಬಡ್ಡಿ ಕಟ್ಟಿದ ವರ್ಷದಿಂದಲೇ ಓಡುತ್ತದೆ. ನಾನು ದುಡಿಯಲು ಶುರು ಮಾಡುವಾಗ ಅದರಲ್ಲಿ ನನಗೆ ಹೆಚ್ಚೇನೂ ಉಳಿದಿರುವುದಿಲ್ಲ.

ಈಗ ನಾಲ್ಕನೇ ವರ್ಷ. ಈ ತಿಂಗಳ ಬಡ್ಡಿ 13,333. ಕಟ್ಟಿದ ರಸೀದಿಯ ಫೋಟೊ ಅಪ್ಪ ನಿನ್ನೆ ಕಳಿಸಿದ್ದಾರೆ, ಕೆಳಗೆ ಒಂದೇ ಪ್ರಶ್ನೆ: “ಊಟ ಆಯ್ತಾ?”