ಹೊಸ ಕಾರಿನ ಪೇಂಟ್ ಕೆಟ್ಟರೆ ವಾರಂಟಿ ಕೇಳುವ ಬಗೆ

ಹೊಸ ಕಾರಿನ ಬಾಡಿಯಲ್ಲಿ ಕಾಣಿಸಿಕೊಳ್ಳುವ ದೋಷಗಳಲ್ಲಿ ಎರಡು ಬಗೆ. ಮೊದಲನೆಯದು ತಯಾರಿಕೆಯಲ್ಲೇ ಉಳಿದುಬಂದದ್ದು: ಪೇಂಟಿನಡಿ ಗುಳ್ಳೆ ಏಳುವುದು, ಮೇಲಿನ ಹೊಳಪಿನ ಪದರ ಸುಲಿಯುವುದು, ಬಣ್ಣ ಜಾರಿ ಗಟ್ಟಿಯಾದ ಗೆರೆ, ಪದರದೊಳಗೆ ಸಿಕ್ಕಿಬಿದ್ದ ಧೂಳು, ಬಾಗಿಲಿನ ಸಂದು ಮೇಲೊಂದು ಅಳತೆ ಕೆಳಗೊಂದು ಅಳತೆ ಇರುವುದು, ಬೀಡಿಂಗ್ ಸರಿಯಾಗಿ ಕೂರದೆ ಮಳೆನೀರು ಒಳಗಿಳಿಯುವುದು. ಎರಡನೆಯದು ಕಾರ್ಖಾನೆಯಿಂದ ಹೊರಟ ಮೇಲೆ ಆದದ್ದು: ಟ್ರೈಲರ್‌ಗೆ ಹತ್ತಿಸಿ ಇಳಿಸುವಾಗ ತಗುಲಿದ ಪೆಟ್ಟು, ಯಾರ್ಡಿನಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ನಿಂತಾಗ ಹಕ್ಕಿಯ ಹಿಕ್ಕೆ ತಿಂದುಹಾಕಿದ ಕಲೆ, ಶೋರೂಮಿನಲ್ಲಿ ಕೊಳೆಬಟ್ಟೆಯಿಂದ ಒರೆಸಿ ಬಿದ್ದ ಸುತ್ತುಗೀರು. ಮೊದಲನೆಯದಕ್ಕೆ ಕಂಪನಿಯ ವಾರಂಟಿ ಉತ್ತರ ಹೇಳಬೇಕು. ಎರಡನೆಯದು ಕಾರು ಕೈಸೇರುವ ಮುನ್ನ ಆಗಿದ್ದರೆ ಹೊಣೆ ಡೀಲರ್‌ದು, ಆಮೇಲೆ ಆಗಿದ್ದರೆ ಮಾಲೀಕರದ್ದು. ಬರಿಗಣ್ಣಿಗೆ ಇವುಗಳ ವ್ಯತ್ಯಾಸ ಸುಲಭವಾಗಿ ತಿಳಿಯುವುದಿಲ್ಲ. ಜಗಳವೆಲ್ಲ ಹುಟ್ಟುವುದು ಇಲ್ಲೇ.

ಪೇಂಟಿನ ರಚನೆ ತಿಳಿದಿದ್ದರೆ ಅರ್ಧ ವಾದ ಗೆದ್ದಂತೆ. ಕಾರ್ಖಾನೆಯಲ್ಲಿ ತಗಡನ್ನು ತೊಳೆದು, ಫಾಸ್ಫೇಟ್ ಲೇಪಿಸಿ, ಇಡೀ ಬಾಡಿಯನ್ನು ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ತುಕ್ಕು ತಡೆಯುವ ಪದರ ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್. ಎಲ್ಲ ಸೇರಿ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಮಿಲಿಮೀಟರಿನ ಏಳರಲ್ಲೊಂದು ಭಾಗವನ್ನೂ ಅಷ್ಟೇನೂ ಮೀರದು. ಮೇಲಿನ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಸರ್ವೀಸ್ ಸೆಂಟರಿನ ಬಾಡಿ ಶಾಪ್‌ನಲ್ಲಿ ಅಷ್ಟು ಶಾಖ ಕೊಡಲಾಗದು. ಕಾರಿಗೆ ಆಗಲೇ ವೈರಿಂಗ್, ಪ್ಲಾಸ್ಟಿಕ್, ರಬ್ಬರ್ ಎಲ್ಲ ಕೂತಿರುತ್ತದೆ. ಅಲ್ಲಿನ ಶಾಖ 60–80 ಡಿಗ್ರಿ, ಬಳಸುವ ಪೇಂಟೂ ಬೇರೆ. ಹಾಗಾಗಿ ‘ಕಂಪನಿ ಪೇಂಟಿನ ಹಾಗೇ ಮಾಡಿಕೊಡ್ತೀವಿ’ ಎಂಬ ಮಾತು ನೋಟದ ಮಟ್ಟಿಗೆ ನಿಜವಾಗಬಹುದು, ಗುಣದ ಮಟ್ಟಿಗೆ ಆಗದು. ಹಳೆ ಕಾರು ಕೊಳ್ಳುವವರು ಈಗ ದಪ್ಪ ಅಳೆಯುವ ಮೀಟರ್ ಹಿಡಿದೇ ಬರುತ್ತಾರೆ. 200 ಮೈಕ್ರಾನ್ ದಾಟಿದ ಬಾಗಿಲು ಮರುಪೇಂಟ್ ಆಗಿರುವ ಗುಮಾನಿ ಹುಟ್ಟಿಸುತ್ತದೆ. ಪುಟ್ಟಿ ತುಂಬಿದ್ದರಂತೂ ಅಂಕಿ ಇನ್ನೂ ಬಹಳ ಮೇಲೇರುತ್ತದೆ. ಮರುಮಾರಾಟದ ಬೆಲೆ ಇಳಿಯುವುದು ಇಂಥ ಕಡೆಯೇ.

ವಾರಂಟಿ ಪುಸ್ತಕದಲ್ಲಿ ‘ಸಾಮಗ್ರಿ ಅಥವಾ ಕೆಲಸಗಾರಿಕೆಯ ದೋಷ’ ಎಂಬ ಮಾತಿರುತ್ತದೆ. ಅದರ ಹಿಂದೆಯೇ ಹೊರತುಗಳ ಪಟ್ಟಿ: ಕಲ್ಲು ಸಿಡಿತ, ಗೀರು, ಹಕ್ಕಿಯ ಹಿಕ್ಕೆ, ಮರದ ಅಂಟು, ಕಾರ್ಖಾನೆಗಳ ಹೊಗೆ, ಉಪ್ಪುಗಾಳಿ, ಅಪಘಾತ, ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದ ಕೆಲಸ. ಮಂಗಳೂರು, ಉಡುಪಿ, ಕಾರವಾರದ ಕಾರುಗಳಿಗೆ ಉಪ್ಪುಗಾಳಿಯ ನೆಪ ಹೇಳುವುದು ಸುಲಭ. ತಗಡು ತೂತಾಗುವ ತುಕ್ಕಿಗೆ ಪ್ರತ್ಯೇಕ, ಹೆಚ್ಚು ಅವಧಿಯ ವಾರಂಟಿ ಕೊಡುವ ಕಂಪನಿಗಳಿವೆ. ಆದರೆ ಅದು ಒಳಗಿನಿಂದ ಹೊರಕ್ಕೆ ಕೊರೆದ ತುಕ್ಕಿಗೆ ಮಾತ್ರ, ಮೇಲ್ಮೈ ತುಕ್ಕಿಗಲ್ಲ. ಡೀಲರ್ ಹಾಕಿಸಿದ ಕೋಟಿಂಗ್‌ಗೆ ಕೊಡುವ ಗ್ಯಾರಂಟಿ ಕಾರ್ಡು ಕಂಪನಿಯ ವಾರಂಟಿಯಲ್ಲ, ಅದು ಬೇರೆಯೇ ಕರಾರು.

ಮಾಲೀಕರ ಕೈ ಅತಿ ಮೇಲಿರುವುದು ಇನ್‌ವಾಯ್ಸ್ ಮತ್ತು ನೋಂದಣಿಗೆ ಮುಂಚೆ. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷದವರೆಗಿನ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ಸೆಸ್ ಬಿಟ್ಟು ಶೇ 17ರಷ್ಟು ಜೀವಿತಾವಧಿ ತೆರಿಗೆ ಇದೆ. ಒಮ್ಮೆ ಅದು ಸಂದಾಯವಾಗಿ ನಂಬರ್ ಬಿದ್ದಿತೆಂದರೆ ‘ಈ ಕಾರು ಬೇಡ, ಇನ್ನೊಂದು ಕೊಡಿ’ ಎಂಬ ಮಾತಿಗೆ ಬಲವೇ ಇರುವುದಿಲ್ಲ. ಆದ್ದರಿಂದ ಕಾರನ್ನು ನೋಡಬೇಕಾದದ್ದು ಯಾರ್ಡಿನಲ್ಲಿ, ಹಗಲು ಬೆಳಕಿನಲ್ಲಿ, ತೊಳೆದು ಒಣಗಿಸಿದ ಮೇಲೆ. ಶೋರೂಮಿನ ಝಗಮಗ ದೀಪದ ಕೆಳಗೆ, ಹೂವಿನ ಹಾರ ಹಾಕಿದ ಮೇಲೆ ನೋಡಿದರೆ ಪ್ರಯೋಜನವಿಲ್ಲ. ಬಾನೆಟ್ ಎತ್ತಿ ಫೆಂಡರಿನ ಬೋಲ್ಟ್‌ಗಳ ತಲೆ ನೋಡಬೇಕು. ಪೇಂಟ್ ಕಿತ್ತಿದ್ದರೆ ಫೆಂಡರ್ ಬಿಚ್ಚಿ ಹಾಕಿರಬಹುದು. ಬಾಗಿಲಿನ ರಬ್ಬರ್ ಬೀಡಿಂಗ್ ಮೇಲೆ ಬಣ್ಣದ ಮಂಜು ಕೂತಿದ್ದರೆ ಅಲ್ಲಿ ಮರುಪೇಂಟ್ ನಡೆದಿದೆ. ಬಂಪರಿನ ಬಣ್ಣ ಪಕ್ಕದ ತಗಡಿಗಿಂತ ತುಸು ಬೇರೆ ಕಂಡರೆ ಗಾಬರಿ ಬೇಡ. ಪ್ಲಾಸ್ಟಿಕ್ ಬಂಪರನ್ನು ಬೇರೆಯಾಗಿ, ಬೇರೆ ಬಗೆಯ ಪೇಂಟಿನಿಂದ ಬಳಿಯುವುದರಿಂದ ಮೆಟಾಲಿಕ್ ಬಣ್ಣಗಳಲ್ಲಿ ಆ ವ್ಯತ್ಯಾಸ ಸಾಮಾನ್ಯ. ಮಾರಾಟ ಪ್ರಮಾಣಪತ್ರವಾದ ಫಾರ್ಮ್ 21ರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಯಾರ್ಡಿನಲ್ಲಿ ಎಷ್ಟು ಕಾಲ ನಿಂತಿತ್ತೆಂಬ ಅಂದಾಜು ಅದರಿಂದ ಸಿಗುತ್ತದೆ. ಡೆಲಿವರಿ ವೇಳೆ ‘ಕಾರು ಸುಸ್ಥಿತಿಯಲ್ಲಿ ತಲುಪಿದೆ’ ಎಂಬ ಹಾಳೆಗೆ ಸಹಿ ಕೇಳುತ್ತಾರೆ. ಕಂಡ ಲೋಪವನ್ನು ಆ ಹಾಳೆಯ ಮೇಲೆಯೇ ಕೈಬರಹದಲ್ಲಿ ಬರೆದು, ಆಮೇಲೆ ಸಹಿ ಹಾಕುವುದು ಕ್ರಮ.

ಎಷ್ಟೇ ನೋಡಿ ತಂದರೂ ಕೆಲವು ದೋಷ ಮಳೆಗಾಲದವರೆಗೆ ಮುಖ ತೋರಿಸುವುದಿಲ್ಲ. ಈ ಅಂಕಣ ಬರೆಯುವವರ ಮನೆಗೆ ಬಂದ ಕಾರಿನಲ್ಲಿ ಆದದ್ದು ಹೀಗೆ. ಕೊಂಡ ಮೇಲಿನ ಮೊದಲ ಮಳೆಗಾಲ ಮುಗಿಯುತ್ತಿದ್ದಂತೆ ಹಿಂದಿನ ಎರಡೂ ಬಾಗಿಲುಗಳ ಕೆಳ ಅಂಚಿನಲ್ಲಿ, ಒಳಮಗ್ಗುಲಿಗೆ, ಸಾಸಿವೆ ಕಾಳಿನಷ್ಟು ದಪ್ಪದ ಗುಳ್ಳೆಗಳು ಸಾಲಾಗಿ ಎದ್ದಿದ್ದವು. ಒಂದೆರಡು ಒಡೆದು ಕಂದು ನೀರು ಒಸರಿದ ಗುರುತಿತ್ತು. ಕಾರಿನ ಬಾಗಿಲು ತಯಾರಿಸುವಾಗ ಹೊರತಗಡಿನ ಅಂಚನ್ನು ಒಳಚೌಕಟ್ಟಿನ ಮೇಲೆ ಮಡಚಿ ಒತ್ತಿ, ಆ ಮಡಿಕೆಗೆ ಸೀಲರ್ ಹಚ್ಚುತ್ತಾರೆ. ಸೀಲರ್ ಎಲ್ಲಾದರೂ ತಪ್ಪಿದರೆ, ಇಲ್ಲವೇ ಅದರಡಿ ಗಾಳಿ ಉಳಿದರೆ ನೀರು ಮಡಿಕೆಯೊಳಗೆ ನಿಲ್ಲುತ್ತದೆ. ತುಕ್ಕು ಒಳಗಿನಿಂದ ಶುರುವಾಗಿ ಪೇಂಟನ್ನು ಮೇಲಕ್ಕೆತ್ತುತ್ತದೆ. ಸರ್ವೀಸ್ ಅಡ್ವೈಸರ್ ಬಗ್ಗಿ ನೋಡಿ ಹೇಳಿದ್ದು ಒಂದೇ ಮಾತು: “ಇದು ಕಲ್ಲು ಸಿಡಿದಿರೋದು ಸಾರ್, ವಾರಂಟಿಗೆ ಬರಲ್ಲ.”

ಆ ಮಾತಿಗೆ ಎದುರುತ್ತರ ಬಾಗಿಲಿನಲ್ಲೇ ಇತ್ತು. ಬಾಗಿಲು ಮುಚ್ಚಿದಾಗ ಗುಳ್ಳೆ ಎದ್ದ ಜಾಗ ಬೀಡಿಂಗಿನ ಹಿಂದೆ ಅಡಗುತ್ತದೆ, ಓಡುವ ಕಾರಿನಲ್ಲಿ ಅಲ್ಲಿಗೆ ಕಲ್ಲು ಮುಟ್ಟದು. ಕಲ್ಲು ಬಿದ್ದರೆ ಪೇಂಟ್ ಒಳಕ್ಕೆ ಕುಳಿ ಬೀಳುತ್ತದೆ, ಹೊರಕ್ಕೆ ಉಬ್ಬುವುದಿಲ್ಲ. ಎಡಬಲ ಎರಡೂ ಬಾಗಿಲಲ್ಲಿ ಅದೇ ಜಾಗಕ್ಕೆ ಪೆಟ್ಟು ಬೀಳುವ ಸಂಭವ ಇಲ್ಲವೇ ಇಲ್ಲ ಎನ್ನಬಹುದು. ದೋಷ ಎಲ್ಲಿದೆ, ಯಾವ ಆಕಾರದಲ್ಲಿದೆ, ಇನ್ನೊಂದು ಮಗ್ಗುಲಲ್ಲೂ ಇದೆಯೇ ಎಂಬ ಮೂರು ಸಂಗತಿಗಳು ತಜ್ಞರ ವರದಿಗೂ ಮೊದಲೇ ಬಹುಪಾಲು ವಾದವನ್ನು ತೀರ್ಮಾನಿಸುತ್ತವೆ. ಅದಕ್ಕೆ ಜೊತೆಯಾಗಿ ಮೀಟರ್ ಅಳತೆ ಬೇಕು. ಹಳೆ ಕಾರು ತಪಾಸಣೆ ಮಾಡುವವರಲ್ಲೂ ಡೀಟೇಲಿಂಗ್ ಅಂಗಡಿಗಳಲ್ಲೂ ಮೀಟರ್ ಇರುತ್ತದೆ. ಬಾಗಿಲಿನ ಅಂಕಿ ಉಳಿದ ತಗಡುಗಳ ಅಂಕಿಗೆ ಹೊಂದಿಕೊಂಡಿದ್ದರೆ ಆ ಬಾಗಿಲು ಮರುಪೇಂಟ್ ಆಗಿಲ್ಲವೆಂದೂ, ಅಂದಮೇಲೆ ಹೊರಗಿನ ಕೆಲಸದಿಂದ ಕೆಟ್ಟದ್ದಲ್ಲವೆಂದೂ ತೋರಿಸಬಹುದು. ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಮಾನ್ಯ ಮೀಟರ್ ಕೆಲಸ ಮಾಡುವುದಿಲ್ಲ. ಫೋಟೊಗಳಲ್ಲಿ ಗುಳ್ಳೆಯ ಪಕ್ಕ ಅಳತೆಪಟ್ಟಿ ಇರಬೇಕು. ನಂಬರ್ ಪ್ಲೇಟ್, ಓಡಿದ ಕಿಲೋಮೀಟರ್ ಮತ್ತು ದೋಷದ ಜಾಗ ಒಂದೇ ವಿಡಿಯೊದಲ್ಲಿ ಕತ್ತರಿಸದೆ ಬಂದರೆ ಇನ್ನೂ ಒಳ್ಳೆಯದು.

ಇಡೀ ವ್ಯಾಜ್ಯದಲ್ಲಿ ಅತಿ ಬೆಲೆಬಾಳುವ ಕಾಗದ ಜಾಬ್ ಕಾರ್ಡ್. ಮುಂದೆ ಏನೇ ವಾದ ನಡೆದರೂ ಮೊದಲ ದಿನ ಅದರಲ್ಲಿ ಏನು ಬರೆದಿತ್ತು ಎಂಬುದೇ ಎದ್ದು ನಿಲ್ಲುತ್ತದೆ. ‘ಡೋರ್ ಟಚ್‌ಅಪ್’ ಎಂದು ಬರೆದರೆ ಮಾಲೀಕರೇ ಅಂದಕ್ಕಾಗಿ ಕೇಳಿದ ಕೆಲಸವೆಂದಾಯಿತು. ಬರೆಸಬೇಕಾದದ್ದು ಹೀಗೆ: ‘ಹಿಂದಿನ ಎರಡೂ ಬಾಗಿಲುಗಳ ಒಳ ಅಂಚಿನಲ್ಲಿ ಪೇಂಟ್ ಗುಳ್ಳೆ, ಹೊರಪೆಟ್ಟಿನ ಗುರುತಿಲ್ಲ, ವಾರಂಟಿಯಡಿ ಪರಿಶೀಲನೆ.’ ಅಡ್ವೈಸರ್ ಬರೆಯಲು ಹಿಂಜರಿದರೆ ಅದೇ ಒಕ್ಕಣೆಯನ್ನು ಅಲ್ಲಿ ನಿಂತೇ ಇಮೇಲ್ ಮಾಡಬೇಕು, ಡೀಲರಿಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ. ಕಂಪನಿಯಿಂದ ಲಿಖಿತ ಉತ್ತರ ಬರುವವರೆಗೆ ಯಾರೂ ಉಜ್ಜಬಾರದು, ಪಾಲಿಶ್ ಮಾಡಬಾರದು. ‘ಒಂದು ಸಲ ರಬ್ ಮಾಡಿ ನೋಡೋಣ’ ಎಂದು ಒಯ್ದ ಬಾಗಿಲು ವಾಪಸು ಬರುವಾಗ ಸಾಕ್ಷ್ಯ ಅಳಿಸಿಹೋಗಿರುತ್ತದೆ.

ಅಡ್ವೈಸರ್ ಕೆಟ್ಟವರೆಂದು ಇದರ ಅರ್ಥವಲ್ಲ. ವಾರಂಟಿ ಕೆಲಸದ ಹಣ ಡೀಲರಿಗೆ ಬರುವುದು ಕಂಪನಿ ಒಪ್ಪಿದ ಮೇಲೆ. ಒಪ್ಪದಿದ್ದರೆ ಖರ್ಚು ಅವರ ತಲೆಗೇ. ಆದ್ದರಿಂದಲೇ ಎಲ್ಲರಿಗೂ ಸಲೀಸಾಗಿ ಕಾಣುವ ಇನ್ನೊಂದು ದಾರಿ ತೋರಿಸುತ್ತಾರೆ: “ಇನ್ಶೂರೆನ್ಸ್‌ನಲ್ಲಿ ಹಾಕ್ಬಿಡೋಣ ಸಾರ್, ಝೀರೊ ಡೆಪ್ ಇದೆಯಲ್ಲ.” ಇದನ್ನು ಒಪ್ಪಲೇಬಾರದು. ವಿಮೆ ಇರುವುದು ಅಪಘಾತದ ಹಾನಿಗೆ. ತಯಾರಿಕೆಯ ದೋಷವನ್ನು ಅಪಘಾತವೆಂದು ಬರೆದು ಸಹಿ ಹಾಕುವುದು ಸುಳ್ಳು ಹೇಳಿಕೆ. ಅದೂ ಅಲ್ಲದೆ ‘ಹೊರಪೆಟ್ಟಿನಿಂದಲೇ ಆದದ್ದು’ ಎಂದು ಮಾಲೀಕರೇ ಬರೆದುಕೊಟ್ಟಂತಾಗಿ ವಾರಂಟಿಯ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ಹಣದ ಲೆಕ್ಕವೂ ಇದೆ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಕ್ರಮವಾಗಿ ಶೇ 20, 25, 35, 45, 50. ಮೊದಲ ವರ್ಷವೇ ಕ್ಲೇಮ್ ಮಾಡಿದರೆ ಆ ಏಣಿ ಒಂದು ಮೆಟ್ಟಿಲು ಹಿಂದಕ್ಕೆ ಸರಿದು 0, 20, 25, 35, 45 ಆಗುತ್ತದೆ. ಐದು ನವೀಕರಣಗಳ ನಷ್ಟ ಕೂಡಿದರೆ ಒಂದು ವರ್ಷದ ಸ್ವಂತ ಹಾನಿ ಪ್ರೀಮಿಯಂನ ಸರಿಯಾಗಿ ಅರ್ಧ. ಆ ಪ್ರೀಮಿಯಂ 15,000 ರೂಪಾಯಿಯಲ್ಲೇ ನಿಂತಿದೆ ಎಂದುಕೊಂಡರೆ 7,500 ಹೋಯಿತು. ಇದರ ಮೇಲೆ 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿಗೂ ಕಡ್ಡಾಯವಾಗಿ ಕೈಯಿಂದ ಕಟ್ಟುವ 1,000. ಬಿಟ್ಟಿ ರಿಪೇರಿ ಎಂದುಕೊಂಡದ್ದಕ್ಕೆ 8,500 ರೂಪಾಯಿ.

ಮೇಲೆ ಹೇಳಿದ ಕಾರಿನ ವಿಷಯದಲ್ಲಿ ಡೀಲರ್ ಫೋಟೊ ಕಳಿಸಿದ ಮೇಲೆ ಕಂಪನಿಯ ಏರಿಯಾ ಸರ್ವೀಸ್ ಮ್ಯಾನೇಜರ್ ಬಂದು ನೋಡಿದರು. ಮಡಿಕೆಯ ಸೀಲರ್ ಅನ್ನು ಉಗುರಿನಿಂದ ಒತ್ತಿದಾಗ ಅದು ಒಂದೆಡೆ ತಗಡು ಬಿಟ್ಟು ಎದ್ದುಬಂತು. ಕಲ್ಲಿನ ಮಾತು ಅಲ್ಲಿಗೆ ನಿಂತಿತು. ಎರಡೂ ಬಾಗಿಲುಗಳನ್ನು ವಾರಂಟಿಯಲ್ಲಿ ಸರಿಪಡಿಸಲು ಒಪ್ಪಿದರು. ಒಪ್ಪಿಗೆಯ ಜೊತೆಗೆ ಲಿಖಿತವಾಗಿ ಕೇಳಬೇಕಾದ ಕೆಲವು ಅಂಶಗಳಿವೆ: ಸೀಲರ್ ಪೂರ್ತಿ ತೆಗೆದು ತುಕ್ಕು ಕೆರೆದು ಪ್ರೈಮರ್ ಹಾಕುವುದು, ಬಣ್ಣ ಹೊಂದಿಸಲು ಪಕ್ಕದ ತಗಡುಗಳಿಗೂ ಸ್ಪ್ರೇ ಮಾಡುವುದಿದ್ದರೆ ಮೊದಲೇ ತಿಳಿಸುವುದು, ಮಾಡಿದ ಕೆಲಸಕ್ಕೆ ವಾರಂಟಿಯ ಉಳಿದ ಅವಧಿ ಅನ್ವಯಿಸುವುದು, ಕೆಲಸ ವಾರಂಟಿಯಡಿ ನಡೆದದ್ದೆಂದು ಶೂನ್ಯ ಮೊತ್ತದ ಬಿಲ್ಲಿನಲ್ಲಿ ನಮೂದಿಸುವುದು. ಆ ಬಿಲ್ಲು ಮುಂದೆ ಕಾರು ಮಾರುವಾಗ, ಮರುಪೇಂಟ್ ಅಪಘಾತದಿಂದಾದದ್ದಲ್ಲ ಎಂಬುದಕ್ಕೆ ಪುರಾವೆ. ಮರುಮಾರಾಟದ ನಷ್ಟಕ್ಕೆ ಬದಲಾಗಿ ವಿಸ್ತರಿತ ವಾರಂಟಿಯನ್ನು ಪುಕ್ಕಟೆಯಾಗಿ ಕೇಳುವುದರಲ್ಲಿ ಸಂಕೋಚ ಬೇಕಿಲ್ಲ. ಕಂಪನಿಗಳಿಗೆ ನಗದಿಗಿಂತ ಅದು ಹಗುರ.

ಎಲ್ಲ ದೋಷಕ್ಕೂ ಮರುಪೇಂಟ್ ಮದ್ದಲ್ಲ. ಕ್ಲಿಯರ್ ಕೋಟಿನಲ್ಲಿ ಸಿಕ್ಕಿದ ಒಂದು ಧೂಳಿನ ಕಣಕ್ಕಾಗಿ ಕಾರ್ಖಾನೆಯ ಪೇಂಟನ್ನು ಕೆರೆಸುವುದು ನಷ್ಟದ ವ್ಯವಹಾರ. ಹಗುರವಾದ ಪಾಲಿಶ್ ಸಾಕು, ಇಲ್ಲವೇ ಹಾಗೇ ಬಿಟ್ಟು ಪರಿಹಾರ ಕೇಳಬಹುದು. ಬಾಗಿಲಿನ ಸಂದು ಏರುಪೇರಾಗಿದ್ದರೆ ಸಾಮಾನ್ಯವಾಗಿ ಹಿಂಜ್ ಮತ್ತು ಲಾಕ್ ಹೊಂದಿಸಿದರೆ ಮುಗಿಯುತ್ತದೆ. ಗುಳ್ಳೆ, ಸುಲಿತ, ತುಕ್ಕು ಇವನ್ನು ಮಾತ್ರ ಒಂದು ಮಳೆಗಾಲಕ್ಕೂ ಬಿಡಬಾರದು.

ಕಂಪನಿ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದಕ್ಕೆ ಆದೇಶ ಮಾಡುವ ಅಧಿಕಾರವಿಲ್ಲ, ಆದರೂ ಎಷ್ಟೋ ದೂರುಗಳು ಕಂಪನಿಯ ಮೇಲಿನವರ ಕಣ್ಣಿಗೆ ಬೀಳುವುದೇ ಅಲ್ಲಿಂದ. ಸಿಟ್ಟಿನಲ್ಲಿ ಸಾಲದ ಕಂತು ನಿಲ್ಲಿಸಬಾರದು. ಪೇಂಟಿನ ಜಗಳಕ್ಕೂ ಬ್ಯಾಂಕಿಗೂ ಸಂಬಂಧವಿಲ್ಲ, ಕೆಡುವುದು ಮಾಲೀಕರ ಕ್ರೆಡಿಟ್ ಸ್ಕೋರ್. ಮುಂದಿನದು ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಲೀಕರು ತಾವು ವಾಸಿಸುವ ಇಲ್ಲವೇ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಕಾರು ಬೆಂಗಳೂರಿನಲ್ಲಿ ಕೊಂಡು ಹಾಸನದಲ್ಲಿ ವಾಸವಿದ್ದರೆ ಹಾಸನವೇ ಸಾಕು. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗದ ವ್ಯಾಪ್ತಿ. ಶುಲ್ಕ 5ರಿಂದ 10 ಲಕ್ಷದ ಕಾರಿಗೆ 200 ರೂಪಾಯಿ, 10ರಿಂದ 20 ಲಕ್ಷದ್ದಕ್ಕೆ 400. ವಕೀಲರಿಲ್ಲದೆ ತಾವೇ ವಾದಿಸಬಹುದು, ದೂರನ್ನು ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದ ಗಡುವಿದೆ. ಕಂಪನಿಯೊಡನೆ ಇಮೇಲ್ ನಡೆಯುತ್ತಿದೆ ಎಂಬ ಮಾತ್ರಕ್ಕೆ ಆ ಗಡುವು ಬೆಳೆಯುವುದಿಲ್ಲ.

ದೂರಿನಲ್ಲಿ ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕು. ಗೋವಾದಲ್ಲಿ ಡೀಲರ್ ಒಬ್ಬರು ಹಳೆಯ ಮಾದರಿಯ, ಗೀರುಬಿದ್ದ, ತಳದಲ್ಲಿ ತುಕ್ಕು ಹಿಡಿದ ಕಾರನ್ನು ಹೊಸದೆಂದು ಮಾರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೊಣೆಯನ್ನು ಡೀಲರ್ ಮೇಲೆಯೇ ಇಟ್ಟು, ತಯಾರಕ ಕಂಪನಿಯಾದ ಟಾಟಾ ಮೋಟರ್ಸ್ ಅನ್ನು ಬಿಟ್ಟಿತು. ತಯಾರಿಕೆಯ ದೋಷವಾದರೆ ಲೆಕ್ಕ ತಿರುಗುಮುರುಗು. ಯಾರ ತಪ್ಪೆಂದು ಮೊದಲೇ ಗೊತ್ತಾಗದ ಕಾರಣ ಇಬ್ಬರೂ ಬೇಕು. ಇದೇ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಪ್ರತ್ಯೇಕ ಅಧ್ಯಾಯವಿದ್ದರೂ ಅದು ಪೇಂಟಿನ ಜಗಳಕ್ಕೆ ಒದಗದು, ಉತ್ಪನ್ನಕ್ಕೇ ಆದ ಹಾನಿಯನ್ನು ಅದು ಹೊರಗಿಟ್ಟಿದೆ. ‘ಸರಕಿನಲ್ಲಿ ದೋಷ’, ‘ಸೇವೆಯಲ್ಲಿ ನ್ಯೂನತೆ’ ಎಂದು ಸಾಮಾನ್ಯ ದೂರನ್ನೇ ಹೂಡಬೇಕು. ನೋಡಿ ಹೇಳಲಾಗದ ದೋಷವಾದರೆ ಆಯೋಗ ಪರೀಕ್ಷೆಗೆ ಕಳಿಸಬಹುದು. ಅದರ ಶುಲ್ಕವನ್ನು ದೂರುದಾರರು ಮೊದಲು ಕಟ್ಟಬೇಕಾಗುತ್ತದೆ.

ಕೇಳುವ ಪರಿಹಾರ ದೋಷಕ್ಕೆ ತಕ್ಕಷ್ಟಿರಬೇಕು. ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಕೆಟ್ಟ ಭಾಗವನ್ನು ಬದಲಿಸಲು ವಾರಂಟಿ ಅವಕಾಶ ಕೊಟ್ಟಿರುವಾಗ ಇಡೀ ಕಾರನ್ನೇ ಬದಲಿಸುವ ಆದೇಶ ಸಲ್ಲದು ಎಂದಿತು. ಎರಡು ಬಾಗಿಲಿನ ಗುಳ್ಳೆಗೆ ಹೊಸ ಕಾರು ಕೇಳಿದರೆ ಗಟ್ಟಿಯಾದ ದೂರೂ ಸಡಿಲಾಗುತ್ತದೆ. ದೋಷ ಸರಿಪಡಿಸುವುದು ಅಥವಾ ಬಾಗಿಲು ಬದಲಿಸುವುದು, ಬೆಲೆ ಇಳಿತಕ್ಕೆ ಪರಿಹಾರ, ಕಾರಿಲ್ಲದ ದಿನಗಳ ಓಡಾಟದ ಖರ್ಚು, ವ್ಯಾಜ್ಯದ ವೆಚ್ಚ ಇಷ್ಟನ್ನು ಬಿಲ್ಲು, ಅಂದಾಜುಪಟ್ಟಿಗಳ ಸಮೇತ ಕೇಳಿದರೆ ಆಯೋಗಕ್ಕೆ ಆದೇಶ ಬರೆಯುವುದು ಸುಲಭ. ಪರೀಕ್ಷೆ ಬೇಕಿಲ್ಲದ ದೂರನ್ನು 3 ತಿಂಗಳಲ್ಲಿ, ಬೇಕಿರುವುದನ್ನು 5 ತಿಂಗಳಲ್ಲಿ ಇತ್ಯರ್ಥ ಮಾಡಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು. ಆದೇಶದ ವಿರುದ್ಧ ರಾಜ್ಯ ಆಯೋಗಕ್ಕೆ 45 ದಿನದೊಳಗೆ ಮೇಲ್ಮನವಿ ಹೋಗಬಹುದು. ಹೋಗುವವರು ಕಂಪನಿಯವರಾದರೆ ಆದೇಶವಾದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲದೆ ಪಾಲನೆಯೂ ಇಲ್ಲದೆ ಸುಮ್ಮನಿದ್ದರೆ ಅದೇ ಜಿಲ್ಲಾ ಆಯೋಗದಲ್ಲಿ ಜಾರಿ ಅರ್ಜಿ ಹಾಕಬಹುದು. ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸುವ ಅಧಿಕಾರ ಆಯೋಗಕ್ಕಿದೆ.