ಹುಲಿಗಿಂತ ಮೊದಲು ಕೆರೆ: ಮೈಸೂರಿನಿಂದ ವನ್ಯಜೀವಿ ಛಾಯಾಗ್ರಹಣದ ವೃತ್ತಿಗೆ

ಬ್ರಿಟಿಷರ ಕಾಲದಲ್ಲಿ ಸೀಳುನಾಯಿಯನ್ನು ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಯಾರಿಗೂ ಬೇಡವಾಗಿದ್ದ ಈ ಪ್ರಾಣಿಯ ಬೆನ್ನು ಹತ್ತಿ ಬಂಡೀಪುರದ ಸುತ್ತಮುತ್ತಲ ಕಾಡಿನಲ್ಲಿ ವರ್ಷಗಟ್ಟಲೆ ಅಲೆದವರು ಮೈಸೂರಿನ ಕೃಪಾಕರ–ಸೇನಾನಿ. ಅವರ ‘ದಿ ಪ್ಯಾಕ್’ ಸಾಕ್ಷ್ಯಚಿತ್ರಕ್ಕೆ 2010ರಲ್ಲಿ ‘ಗ್ರೀನ್ ಆಸ್ಕರ್’ ಎಂದೇ ಹೆಸರಾದ ವೈಲ್ಡ್‌ಸ್ಕ್ರೀನ್ ಪಾಂಡಾ ಪ್ರಶಸ್ತಿ ಬಂತು.

ಈ ವೃತ್ತಿಗೆ ಬರುವ ಹುಡುಗ ಹುಡುಗಿಯರು ಇಲ್ಲಿಂದಲೇ ಪಾಠ ಆರಂಭಿಸಬೇಕು. ಸಫಾರಿ ಜೀಪಿನಿಂದ ತೆಗೆದ ಹುಲಿಯ ಚಿತ್ರ ಸಾವಿರಾರು ಜನರ ಬಳಿ ಇದೆ. ಸಂಪಾದಕರಿಗೆ, ಸಂರಕ್ಷಣಾ ಸಂಸ್ಥೆಗಳಿಗೆ ಬೇಕಿರುವುದು ಬೇರೆಯವರು ನೋಡದೇ ಬಿಟ್ಟ ವಿಷಯ. ಅಂಥ ವಿಷಯ ಹುಡುಕಲು ಮೈಸೂರಿನಂಥ ಊರು ಸಿಗುವುದು ಕಷ್ಟ. ಪೇಟೆಯೊಳಗೇ ಕೆರೆಗಳಿವೆ, ಪಕ್ಕದಲ್ಲೇ ಕಾವೇರಿ ಇದೆ, ಒಂದೆರಡು ಗಂಟೆಯ ದಾರಿಯಲ್ಲಿ ನಾಗರಹೊಳೆ, ಬಂಡೀಪುರ ಇವೆ.

1. ಒಂದು ಜಾಗ ಆರಿಸಿಕೊಳ್ಳಿ

ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ – ಮೂರರಲ್ಲಿ ಮನೆಗೆ ಹತ್ತಿರದ ಕೆರೆಗೆ ಒಂದು ವರ್ಷ ತಪ್ಪದೆ ಹೋಗಿ. ಯಾವ ಹಕ್ಕಿ ಯಾವ ತಿಂಗಳು ಬರುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ, ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿ ಸೇರುತ್ತದೆ ಎಂದು ಟಿಪ್ಪಣಿ ಮಾಡಿ. ನೋಡಿದ ಹಕ್ಕಿಗಳನ್ನು ‘ಇ–ಬರ್ಡ್’ ಜಾಲತಾಣದಲ್ಲಿ ದಾಖಲಿಸಿ. ಜನವರಿಯಲ್ಲಿ ನಡೆಯುವ ನೀರುಹಕ್ಕಿಗಳ ಗಣತಿಗೆ ಸ್ವಯಂಸೇವಕರಾಗಿ ಸೇರಿಕೊಳ್ಳಿ. ಅಲ್ಲಿ ಸಿಗುವ ಹಿರಿಯ ಪಕ್ಷಿವೀಕ್ಷಕರ ಒಡನಾಟವೇ ಮೊದಲ ಪಾಠಶಾಲೆ.

ನಂತರ ಸುತ್ತಳತೆ ಹಿಗ್ಗಿಸಿ. ಪಕ್ಷಿತಜ್ಞ ಸಲೀಂ ಅಲಿ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು 2022ರಲ್ಲಿ ರಾಮ್ಸರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಆಗಿದೆ. ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ‘ಹದಿನಾರು’ ಗ್ರಾಮದ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ.

2. ಸಾಲ ಮಾಡಿ ಲೆನ್ಸ್ ಕೊಳ್ಳಬೇಡಿ

ಆರಂಭಕ್ಕೆ ಕ್ರಾಪ್ ಸೆನ್ಸರ್ ಇರುವ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, 70–300 ಮಿ.ಮೀ. ಲೆನ್ಸ್ ಸಾಕು. ಕೊಳ್ಳುವ ಮೊದಲು ಶಟರ್ ಎಷ್ಟು ಸಲ ಬಿದ್ದಿದೆ, ಲೆನ್ಸಿನೊಳಗೆ ಬೂಷ್ಟು ಹಿಡಿದಿದೆಯೇ ನೋಡಿ. ದೊಡ್ಡ ಲೆನ್ಸ್ ಬೇಕಾದ ದಿನ ಬಾಡಿಗೆಗೆ ತನ್ನಿ. ಚಿತ್ರಗಳನ್ನು ‘ರಾ’ ರೂಪದಲ್ಲೇ ತೆಗೆಯಿರಿ. ಸ್ಪರ್ಧೆಗಳಲ್ಲಿ ಮೂಲ ಕಡತ ಕೇಳುತ್ತಾರೆ. ಪ್ರತಿ ಚಿತ್ರವೂ ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿರಲಿ.

3. ಓದು, ಮೈಕಸರತ್ತು

ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ‘ಕಾವಾ’ದಲ್ಲಿ ಛಾಯಾಗ್ರಹಣ ಮತ್ತು ಛಾಯಾಪತ್ರಿಕೋದ್ಯಮವನ್ನೇ ವಿಷಯವಾಗಿ ಓದಬಹುದು. ಪರಿಸರ ವಿಜ್ಞಾನ, ಪ್ರಾಣಿಶಾಸ್ತ್ರ, ಪತ್ರಿಕೋದ್ಯಮ ಓದಿದವರಿಗೂ ಈ ವೃತ್ತಿಯಲ್ಲಿ ಸಮಾನ ಅವಕಾಶವಿದೆ. ಪೂರ್ಣಚಂದ್ರ ತೇಜಸ್ವಿ ಅವರ ಹಕ್ಕಿ ಪುಸ್ತಕಗಳನ್ನು ಓದಿ, ಚಿತ್ರದ ಹಿಂದೆ ಎಷ್ಟು ಕಾದು ನೋಡಿರಬೇಕು ಎಂಬುದು ತಿಳಿಯುತ್ತದೆ.

ಚಾರಣ, ಬಂಡೆ ಹತ್ತುವಿಕೆಯಂಥ ಸಾಹಸದ ಚಿತ್ರ ತೆಗೆಯುವವರು ಮೊದಲು ಸ್ವತಃ ಹತ್ತಬಲ್ಲವರಾಗಿರಬೇಕು. ಕ್ಯಾಮೆರಾ ಚೀಲ ಬೆನ್ನಿಗೇರಿಸಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಳಿಯಿರಿ. ಹಗ್ಗದ ವಿದ್ಯೆಗೆ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರಗಳಿವೆ. ಪ್ರಥಮ ಚಿಕಿತ್ಸೆಯನ್ನೂ ಕಲಿತಿರಿ.

4. ಕಾನೂನು ತಿಳಿದಿರಲಿ

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಮನಸ್ಸಿಗೆ ಬಂದಂತೆ ಓಡಾಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಕಡ್ಡಾಯ. ಸಾಕ್ಷ್ಯಚಿತ್ರ ಅಥವಾ ದೀರ್ಘಾವಧಿ ಕೆಲಸಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಹಾಕಬೇಕು. ಸಫಾರಿಯಲ್ಲಿ ದೊಡ್ಡ ಲೆನ್ಸ್‌ಗೆ ಪ್ರತ್ಯೇಕ ಶುಲ್ಕವಿದೆ. ಹೊರಡುವ ಮೊದಲು ಇಲಾಖೆಯ ಅಂದಿನ ಆದೇಶ ವಿಚಾರಿಸಿ. ಕಾಡಿನ ಮೇಲೆ ಅನುಮತಿಯಿಲ್ಲದೆ ಡ್ರೋನ್ ಹಾರಿಸಲೇಬೇಡಿ.

ಕಾನೂನಿನಾಚೆಯ ಶಿಸ್ತೂ ಇದೆ. ಗೂಡಿನ ಮುಂದಿನ ಕೊಂಬೆ ಕತ್ತರಿಸಬಾರದು, ಕೂಗಿನ ಧ್ವನಿಮುದ್ರಣ ಹಾಕಿ ಹಕ್ಕಿಯನ್ನು ಕರೆಯಬಾರದು, ಆಮಿಷ ಒಡ್ಡಬಾರದು. ಗೂಬೆಯ ಗೂಡು, ನಕ್ಷತ್ರ ಆಮೆ ಕಂಡ ಜಾಗವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿದರೆ ಕಳ್ಳರಿಗೆ ದಾರಿ ತೋರಿದಂತೆ. ಲಂಡನ್ನಿನ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದ ತೋಳದ ಚಿತ್ರದಲ್ಲಿದ್ದದ್ದು ಪಳಗಿದ ತೋಳವೆಂದು ತೀರ್ಪುಗಾರರು ನಿರ್ಧರಿಸಿ ಪ್ರಶಸ್ತಿ ಹಿಂಪಡೆದರು.

5. ಬಿಡಿ ಚಿತ್ರ ಬೇಡ, ಕಥೆ ಕಟ್ಟಿ

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಮರಿ ಮಾಡುತ್ತವೆ. ಗೂಡಿನ ಹಕ್ಕಿಯ ಚಿತ್ರ ಯಾರು ಬೇಕಾದರೂ ತೆಗೆಯಬಹುದು. ಮರದ ಕೆಳಗಿನ ಮನೆ, ಗೊಬ್ಬರವಾಗುವ ಹಿಕ್ಕೆ, ಕೆಳಗೆ ಬಿದ್ದ ಮರಿಯನ್ನು ಸಾಕುವ ‘ಹೆಜ್ಜಾರ್ಲೆ ಬಳಗ’ದ ಯುವಕರು, ಬತ್ತುತ್ತಿರುವ ಕೆರೆ – ಇವೆಲ್ಲ ಸೇರಿದರೆ ಅದು ಸಂರಕ್ಷಣೆಯ ಛಾಯಾಗ್ರಹಣ. ಬಂಡೀಪುರದ ಹೆದ್ದಾರಿಯಲ್ಲಿ ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯದಿರಲೆಂದು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ನಿಷೇಧ 2009ರಿಂದ ಇದೆ. ಅಂಥ ರಸ್ತೆಯ ಕಥೆ ಹೇಳಲು ಸುಂದರ ಚಿತ್ರ ಸಾಲದು, ಸಾಕ್ಷಿಯಾಗುವ ಚಿತ್ರ ಬೇಕು.

ಒಂದು ವಿಷಯಕ್ಕೆ ಹತ್ತು ಹನ್ನೆರಡು ಚಿತ್ರ, ಪ್ರತಿಯೊಂದಕ್ಕೂ ಸ್ಥಳ, ದಿನಾಂಕ, ಸಂದರ್ಭದ ಅಡಿಬರಹ, ಜೊತೆಗೊಂದು ಪುಟದ ಲೇಖನ – ಇದು ಸಿದ್ಧವಾದ ಮೇಲೆ ಸಂಪಾದಕರ ಬಳಿ ಹೋಗಿ.

6. ಹಣ ಎಲ್ಲಿಂದ?

ಬರೀ ಚಿತ್ರ ಮಾರಿ ಬದುಕುವವರು ಬಹಳ ಕಡಿಮೆ. ಜಂಗಲ್ ಲಾಡ್ಜಸ್ ಮತ್ತು ಖಾಸಗಿ ರೆಸಾರ್ಟ್‌ಗಳಲ್ಲಿ ನ್ಯಾಚುರಲಿಸ್ಟ್ ಕೆಲಸ, ಸಾಕ್ಷ್ಯಚಿತ್ರ ತಂಡಗಳಲ್ಲಿ ಸಹಾಯಕ, ಚಾರಣ ಸಂಸ್ಥೆಗಳಿಗೆ ಚಿತ್ರೀಕರಣ, ಶಾಲಾ ಮಕ್ಕಳಿಗೆ ಕಾರ್ಯಾಗಾರ – ಇವು ಹೆಚ್ಚಿನವರ ಹೊಟ್ಟೆಪಾಡು. 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನಂಥ ಸಂಶೋಧನಾ ಸಂಸ್ಥೆಗಳಿಗೂ ಕ್ಷೇತ್ರಕಾರ್ಯ ಬಲ್ಲ ಛಾಯಾಗ್ರಾಹಕರು ಉಪಯುಕ್ತ. ಡೇವಿಡ್ ಅಟೆನ್‌ಬರೊ ಧ್ವನಿ ನೀಡಿದ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದ ಮೇಲೆ ನಮ್ಮ ಕಾಡಿನ ಚಿತ್ರಗಳನ್ನು ನೋಡುವ ಜನ ಹೆಚ್ಚಿದ್ದಾರೆ.

7. ಕರಾರು ಬರೆದುಕೊಳ್ಳಿ

1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಬೇರೊಬ್ಬರು ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರಿಗೇ ಸೇರುತ್ತದೆ. ಆದ್ದರಿಂದ ಎಷ್ಟು ಕಾಲ, ಎಲ್ಲಿ, ಯಾವ ಬಳಕೆಗೆ ಚಿತ್ರ ಕೊಡುತ್ತಿದ್ದೀರಿ ಎಂಬುದು ಕಾಗದದಲ್ಲಿರಲಿ. ‘ಹೆಸರು ಹಾಕುತ್ತೇವೆ’ ಎಂದು ಪುಕ್ಕಟೆ ಕೇಳುವವರಿಗೆ ಸಂಕೋಚವಿಲ್ಲದೆ ದರ ಹೇಳಿ. ಸಂರಕ್ಷಣೆಯ ಕೆಲಸಕ್ಕೆ ಉಚಿತವಾಗಿ ಕೊಡುವುದಾದರೆ ಅದು ನಿಮ್ಮದೇ ತೀರ್ಮಾನವಾಗಿರಲಿ.

ಈ ಹಾದಿಯಲ್ಲಿ ಆದಾಯ ನಿಧಾನವಾಗಿಯೇ ಬರುತ್ತದೆ. ಅಲ್ಲಿಯವರೆಗೆ ಕೈಯಲ್ಲಿರುವ ಕೆಲಸವನ್ನೋ ಓದನ್ನೋ ಬಿಡಬೇಡಿ, ಬೆಳಗಿನ ಕೆರೆಯನ್ನೂ ಬಿಡಬೇಡಿ.